ಹಾಡಿದವರ ಹೆಸರು

ಪ್ರತಿಯೊಂದು ಧರ್ಮಕೇಂದ್ರದ ಕಚೇರಿಯಲ್ಲೂ ದಪ್ಪ ರಟ್ಟಿನ ದಾಖಲೆ ಪುಸ್ತಕವೊಂದು ಇರುತ್ತದೆ. ಜ್ಞಾನಸ್ನಾನ ಪಡೆದ ಮಗುವಿನ ಹೆಸರು, ಹುಟ್ಟಿದ ದಿನ, ಹೆತ್ತವರು, ಜ್ಞಾನ ತಂದೆತಾಯಿಯರು, ಊರು, ಕಡೆಯಲ್ಲಿ ಗುರುಗಳ ಸಹಿ. ಅದರಲ್ಲಿರುವುದು ಇಷ್ಟೇ. ಮನೆಯಲ್ಲಿ ಮದುವೆ ನಿಶ್ಚಯವಾದಾಗ, ಯಾರದೋ ವಯಸ್ಸಿಗೆ ಪುರಾವೆ ಬೇಕಾದಾಗ, ಅಜ್ಜನಿಗೆ ವಾರಸುದಾರರು ಯಾರೆಂಬ ಪ್ರಶ್ನೆ ಎದ್ದಾಗ ನಾವು ಆ ಪುಸ್ತಕವನ್ನು ನೆನೆಯುತ್ತೇವೆ. ಉಳಿದ ದಿನಗಳಲ್ಲಿ ಅದು ಬೀರುವಿನಲ್ಲಿ ಮಲಗಿರುತ್ತದೆ. ಬರೆದ ಗುರುಗಳು ತೀರಿಕೊಂಡು ದಶಕಗಳೇ ಕಳೆದಿರಬಹುದು, ಶಾಯಿ ಮಾಸಿರಬಹುದು. ಆದರೂ ಅವರು ಅಂದು ಶ್ರದ್ಧೆಯಿಂದ ಬರೆದ ಒಂದು ಸಾಲು ಇಂದು ನಮ್ಮ ಮಗನನ್ನೋ ಮೊಮ್ಮಗಳನ್ನೋ ಕಾಯುತ್ತದೆ.

ಇಂಥ ಪುಸ್ತಕವಿಲ್ಲದ ಜನ ನಮ್ಮ ನೆರೆಯಲ್ಲಿಯೇ ಇದ್ದಾರೆ. ಕಪಿಲೆಯ ದಡದ ಸರಗೂರಿನಿಂದ ಕಾಡಿನತ್ತ ಹೊರಟರೆ ಒಂದು ಕಡೆಗೆ ಬಂಡೀಪುರ, ಇನ್ನೊಂದು ಕಡೆಗೆ ನಾಗರಹೊಳೆ. ಆ ಅಂಚಿನುದ್ದಕ್ಕೂ ಜೇನುಕುರುಬರ, ಕಾಡುಕುರುಬರ, ಯರವರ, ಸೋಲಿಗರ ಹಾಡಿಗಳಿವೆ. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಹಾಡಿ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಹಿರಿಯರ ಗತಕಾಲ ಕಾಗದದ ಮೇಲಿಲ್ಲ. ಅದು ಪೂರ್ವಿಕರನ್ನು ಮಣ್ಣು ಮಾಡಿದ ಜಾಗದಲ್ಲಿದೆ. ಹೆಜ್ಜೇನು ಕಟ್ಟುವ ಮರದಲ್ಲಿದೆ. ನೂರೆ ಗೆಣಸು ಅಗೆಯುವ ಇಳಿಜಾರಿನಲ್ಲಿದೆ. ಹಬ್ಬದ ರಾತ್ರಿ ಹಾಡುವ ಪದಗಳಲ್ಲಿದೆ. ಹಾಡಿಗೂ ಹಾಡಿಗೂ ನಡುವಿನ ದಾರಿಗೆ, ಹಳ್ಳಕ್ಕೆ, ಬಂಡೆಗೆ ಅವರಿಟ್ಟ ಹೆಸರುಗಳೇ ಅವರ ದಾಖಲೆ ಪುಸ್ತಕದ ಪುಟಗಳು.

ಈ ಪುಟಗಳನ್ನು ಓದುವುದನ್ನೇ ವಿಶ್ವವಿದ್ಯಾನಿಲಯಗಳು ಒಂದು ವಿದ್ಯೆಯನ್ನಾಗಿ ಕಲಿಸುತ್ತಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಮಾನವಶಾಸ್ತ್ರ ವಿಭಾಗವಿದೆ, ಜಾನಪದ ಅಧ್ಯಯನವಿದೆ, 1968ರಲ್ಲಿ ಆರಂಭವಾದ ಜಾನಪದ ವಸ್ತುಸಂಗ್ರಹಾಲಯವಿದೆ. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬುಡಕಟ್ಟು ಅಧ್ಯಯನಕ್ಕೆಂದೇ ಒಂದು ವಿಭಾಗ ತೆರೆಯಿತು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆ. ದೂರದ ಕೆನಡಾದ ಟ್ರೆಂಟ್ ವಿಶ್ವವಿದ್ಯಾನಿಲಯ 1969ರಷ್ಟು ಹಿಂದೆಯೇ ಅಲ್ಲಿಯ ಮೂಲನಿವಾಸಿಗಳ ಅಧ್ಯಯನಕ್ಕೆ ವಿಭಾಗವೊಂದನ್ನು ಸ್ಥಾಪಿಸಿತು.

ಬಿ.ಎ. ಮುಗಿಸಿದ ಮಗಳು ‘ನಾನು ಜಾನಪದದಲ್ಲಿ ಎಂ.ಎ. ಮಾಡುತ್ತೇನಪ್ಪಾ’ ಎಂದಾಗ ನಮ್ಮ ಬಹುಪಾಲು ಮನೆಗಳಲ್ಲಿ ಬರುವ ಉತ್ತರ ಒಂದೇ: ‘ಅದನ್ನು ಓದಿದರೆ ಏನು ಕೆಲಸ ಸಿಗುತ್ತದೆ ಮಗಳೇ?’ ಸಾಲ ಮಾಡಿ ಓದಿಸುವ ತಂದೆಯ ಬಾಯಲ್ಲಿ ಈ ಪ್ರಶ್ನೆ ಬಂದರೆ ಅದನ್ನು ಹಗುರವಾಗಿ ಕಾಣಬಾರದು. ಬಿ.ಇಡಿ. ಮಾಡಿದವಳಿಗೆ, ನರ್ಸಿಂಗ್ ಕಲಿತವಳಿಗೆ ಸಿಗುವ ಸಂಬಳ ಈ ದಾರಿಯಲ್ಲಿ ಬೇಗ ಕೈಸೇರುವುದಿಲ್ಲ ಎಂಬುದು ನಿಜವೇ. ಆದರೆ ಆ ಪ್ರಶ್ನೆಯ ಪಕ್ಕದಲ್ಲಿಯೇ ಇನ್ನೊಂದಿದೆ. ಅದನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ, ಅನೇಕ ವೇಳೆ ತರಗತಿಯಲ್ಲಿಯೂ ಕೇಳುವುದಿಲ್ಲ. ಮಗಳಿಗೆ ಪದವಿ ಸಿಗುತ್ತದೆ. ಅವಳು ಯಾರನ್ನು ಕುರಿತು ಓದಿದಳೋ, ಯಾರ ಹಾಡನ್ನು ಧ್ವನಿಮುದ್ರಿಸಿಕೊಂಡಳೋ, ಆ ಅಜ್ಜಿಗೆ ಏನು ಸಿಗುತ್ತದೆ? ಒಬ್ಬರ ಬದುಕನ್ನು ಓದುವ ಅಧಿಕಾರ ಇನ್ನೊಬ್ಬರಿಗೆ ಎಲ್ಲಿಂದ ಬರುತ್ತದೆ, ಹಾಗೆ ಓದಿದವರ ಮೇಲೆ ಬೀಳುವ ಋಣ ಎಂಥದು ಎಂಬುದು ಇಲ್ಲಿಯ ನೈತಿಕ ಪ್ರಶ್ನೆ.

ನಮ್ಮ ಸೀಮೆಯಲ್ಲಿ ಈ ಓದಿಗೆ ಇನ್ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆಯ ಸಂಚಾರಕ್ಕೆ ಕಳುಹಿಸಿತು. ಅವನು ಮಣ್ಣು, ಬೆಳೆ, ಮರ, ಕಂದಾಯಗಳ ಜೊತೆಗೆ ಕಾಡಿನಂಚಿನ ಕುರುಬರನ್ನೂ ತನ್ನ ದಿನಚರಿಯಲ್ಲಿ ಬರೆದುಕೊಂಡ. ಗೆದ್ದ ನಾಡಿನಲ್ಲಿ ಏನೇನಿದೆ ಎಂದು ಲೆಕ್ಕ ಹಾಕುವ ಓದು ಅದು. ತೇಗದ ಮರವೂ ಮನುಷ್ಯನೂ ಒಂದೇ ಪಟ್ಟಿಯಲ್ಲಿ ಬರುತ್ತಾರೆ.

ಅದೇ ಕಾಲದಲ್ಲಿ ನಮ್ಮವರೇ ಆದ ಒಬ್ಬರು ಗಂಜಾಮಿನಲ್ಲಿದ್ದರು. ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆಯುತ್ತಿದ್ದ ಅಬ್ಬೆ ದುಬೊಯ್. ಸಿಡುಬಿನ ಲಸಿಕೆಯನ್ನು ಊರೂರಿಗೆ ಮುಟ್ಟಿಸಿದ, ಜನರ ಉಡುಪು, ಊಟಗಳನ್ನೇ ತಮ್ಮದಾಗಿಸಿಕೊಂಡ ಗುರು ಎಂದು ಮೈಸೂರು ಸೀಮೆಯ ಕ್ರೈಸ್ತರು ಅವರನ್ನು ಅಭಿಮಾನದಿಂದ ನೆನೆಯುತ್ತಾರೆ. ಆ ಅಭಿಮಾನಕ್ಕೆ ಅವರು ಅರ್ಹರೂ ಹೌದು. ಈ ದೇಶದ ಜನರ ಆಚಾರ ವಿಚಾರಗಳ ಬಗ್ಗೆ ಅವರು ಸಿದ್ಧಪಡಿಸಿದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಎರಡು ಸಾವಿರ ವರಹ ಕೊಟ್ಟು ಕೊಂಡುಕೊಂಡಿತು; 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಗಿ ಲೋಕಪ್ರಸಿದ್ಧವಾಯಿತು. ಆದರೆ ಆ ಗ್ರಂಥದ ಬಹುಭಾಗಕ್ಕೆ ಅದಕ್ಕೂ ಮೊದಲಿನ ಯೇಸುಸಭೆಯ ಗುರು ಕೂರ್ದು ಅವರ ಹಸ್ತಪ್ರತಿ ಆಧಾರವೆಂಬುದನ್ನು 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮೂರ್ ತೋರಿಸಿಕೊಟ್ಟರು. ಕೂರ್ದು ಅವರ ಹೆಸರು ಆ ಪುಸ್ತಕದಲ್ಲಿರಲಿಲ್ಲ. ಕೂರ್ದು ಅವರಿಗೆ ಈ ದೇಶದ ವಿಷಯಗಳನ್ನು ಕೂತು ಹೇಳಿದ ಜನರ ಹೆಸರುಗಳಂತೂ ಎಲ್ಲಿಯೂ ಇಲ್ಲ. ದೊಡ್ಡ ಸ್ವಾಮಿಯವರನ್ನು ಇಳಿಸಿ ನೋಡಲು ಈ ಮಾತನ್ನು ಹೇಳುತ್ತಿಲ್ಲ. ಒಳ್ಳೆಯ ಮನಸ್ಸಿನವರೂ ಈ ಕೆಲಸದಲ್ಲಿ ಹೆಸರು ಬಿಡುತ್ತಾರೆ. ಬಿಟ್ಟದ್ದು ಯಾರ ಗಮನಕ್ಕೂ ಬಾರದೆ ನೂರೆಪ್ಪತ್ತು ವರ್ಷ ಕಳೆಯಬಹುದು.

ಮೈಸೂರು ಸಂಸ್ಥಾನದ ಜನಾಂಗ ಸಮೀಕ್ಷೆಯ ಹೊಣೆ ಮೊದಲಿಗೆ ಹೆಚ್.ವಿ. ನಂಜುಂಡಯ್ಯನವರದು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದರ ಮೊದಲ ಕುಲಪತಿಗಳೂ ಅವರೇ. ಅವರು ತೀರಿಕೊಂಡ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಆ ಕೆಲಸವನ್ನು ಮುಂದುವರಿಸಿ, 1928ರಿಂದ 1935ರವರೆಗೆ ನಾಲ್ಕು ಸಂಪುಟಗಳಾಗಿ ಅದು ಹೊರಬಂದಿತು. ಅಂದರೆ ನಮ್ಮ ವಿಶ್ವವಿದ್ಯಾನಿಲಯದ ತಳಪಾಯದಲ್ಲಿಯೇ ಈ ಅಧ್ಯಯನವಿದೆ. ಇಂದಿಗೂ ಅವು ಉಪಯುಕ್ತ ಗ್ರಂಥಗಳು. ಆದರೆ ಅವುಗಳಲ್ಲಿ ಒಂದು ಜಾತಿಯ ಮದುವೆ ಹೇಗೆ ನಡೆಯುತ್ತದೆ, ಸೂತಕ ಎಷ್ಟು ದಿನ ಎಂಬುದೆಲ್ಲ ಸಿಗುತ್ತದೆಯೇ ಹೊರತು ಇದನ್ನು ಹೇಳಿದವರು ಯಾವ ಹಾಡಿಯ ಯಾವ ಮನುಷ್ಯ ಎಂದು ತಿಳಿಯಲು ದಾರಿ ಕಡಿಮೆ. ಆ ಕಾಲದ ಪದ್ಧತಿಯೇ ಹಾಗಿತ್ತು. ಮನುಷ್ಯನೊಬ್ಬ ಮಾತನಾಡಿದರೂ ಪುಸ್ತಕದಲ್ಲಿ ಕಾಣಿಸಿಕೊಳ್ಳುವುದು ಜಾತಿ.

ಕಾಕನಕೋಟೆಯ ಖೆಡ್ಡಾವನ್ನೇ ನೋಡಿ. ಆನೆ ಹಿಡಿಯುವ ಆ ವೈಭವವನ್ನು ನೋಡಲು ರಾಜಕುಮಾರರು, ವೈಸರಾಯರು ಬಂದರು. ಅವರ ಹೆಸರು, ಬಂದ ತಾರೀಕು, ಕೂತ ಮಂಚಿಕೆ ಎಲ್ಲಕ್ಕೂ ದಾಖಲೆಯಿದೆ, ಛಾಯಾಚಿತ್ರವಿದೆ. ಕಾಡಿನೊಳಗೆ ಆನೆಹಿಂಡಿನ ಜಾಡು ಹಿಡಿದು, ಪ್ರಾಣ ಪಣಕ್ಕಿಟ್ಟು ಅದನ್ನು ಕಂದಕದತ್ತ ತಂದ ಕುರುಬರ ಹೆಸರುಗಳನ್ನು ಹುಡುಕಿ ನೋಡಿ. ಮಾಸ್ತಿಯವರು ‘ಕಾಕನಕೋಟೆ’ ನಾಟಕದಲ್ಲಿ ಕಾಡುಕುರುಬರ ಕಾಚನಿಗೆ ಘನತೆಯ ಮಾತುಗಳನ್ನು ಕೊಟ್ಟರು, 1977ರಲ್ಲಿ ಅದು ಚಲನಚಿತ್ರವೂ ಆಯಿತು. ಕಲ್ಪನೆಯ ಕಾಚನಿಗೆ ಸಿಕ್ಕ ಈ ಹೆಸರು ನಿಜವಾಗಿ ಬದುಕಿದ್ದವರಿಗೆ ಸಿಗಲಿಲ್ಲವಲ್ಲ ಎಂದು ವ್ಯಥೆಯಾಗುತ್ತದೆ. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ಆ ಕಾಡಿನ ಬಹುಭಾಗ ನೀರಿನೊಳಗೆ ಹೋಯಿತು.

ಆ ದಶಕ ಹಾಡಿಗಳ ಪಾಲಿಗೆ ಕಷ್ಟದ್ದು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1973ರಲ್ಲಿ ಹುಲಿ ಯೋಜನೆ, ಕೆಳಗೆ ಅಣೆಕಟ್ಟು. ಹುಲಿ ಉಳಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಕಾಡು ಉಳಿಯದೆ ಕಪಿಲೆಯೂ ಇಲ್ಲ, ನಮ್ಮ ಗದ್ದೆಗಳೂ ಇಲ್ಲ. ಆದರೆ ಕಾಡಿನಿಂದ ಹೊರಗೆ ಬಂದವರು ಯಾರು, ಎಷ್ಟು ಮಂದಿ, ಎಲ್ಲಿಗೆ ಹೋದರು ಎಂಬ ಲೆಕ್ಕ ಬಹಳ ಕಾಲ ಸರಿಯಾಗಿ ಇರಲೇ ಇಲ್ಲ. ಉಚ್ಚ ನ್ಯಾಯಾಲಯ ನೇಮಿಸಿದ ಸಮಿತಿಯೊಂದು ಈ ಲೆಕ್ಕವನ್ನು ಕೈಗೆತ್ತಿಕೊಂಡಿತು. ಅದರ ಮುಂದಾಳು ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕ, 2025ರಲ್ಲಿ ನಮ್ಮನ್ನಗಲಿದ ಮುಜಾಫರ್ ಅಸ್ಸಾದಿಯವರು. 2014ರಲ್ಲಿ ಸಲ್ಲಿಸಿದ ವರದಿಯಲ್ಲಿ ನಾಗರಹೊಳೆಯ ಅರಣ್ಯದಿಂದ ಹೊರಬಿದ್ದ 3,418 ಆದಿವಾಸಿ ಕುಟುಂಬಗಳನ್ನು ಸಮಿತಿ ಗುರುತಿಸಿತು. ಮೂರು ಸಾವಿರದಷ್ಟು ಎಂದು ಅಂದಾಜಿನಲ್ಲಿ ಹೇಳಿ ಮುಗಿಸಬಹುದಾಗಿತ್ತು. ಹದಿನೆಂಟನ್ನೂ ಬಿಡದೆ ಎಣಿಸಿದ್ದಾರೆ. ತೊಂಬತ್ತೊಂಬತ್ತನ್ನು ಬಿಟ್ಟು ತಪ್ಪಿಹೋದ ಒಂದನ್ನು ಹುಡುಕಿ ಹೊರಟ ಕುರುಬನ ಸಾಮತಿಯನ್ನು ಕೇಳಿ ಬೆಳೆದ ನಮಗೆ ಈ ಎಣಿಕೆಯ ಬೆಲೆ ತಿಳಿಯಬೇಕು.

ಈಗ ಒಂದು ಕಾನೂನಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ; ಓದುಗರು ತಾಳ್ಮೆಗೆಡಬಾರದು. ಸಂಸತ್ತು 2006ರಲ್ಲಿ ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು. ತಲೆಮಾರುಗಳಿಂದ ಕಾಡಿನಲ್ಲಿ ಬದುಕಿದವರ ಹಕ್ಕನ್ನು ಗುರುತಿಸದೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಆ ಕಾಯ್ದೆಯೇ ಒಪ್ಪಿಕೊಳ್ಳುತ್ತದೆ. ಹಕ್ಕು ಬೇಕಾದವರು ಗ್ರಾಮಸಭೆಗೆ ಅರ್ಜಿ ಸಲ್ಲಿಸಬೇಕು, ಅರಣ್ಯ ಹಕ್ಕು ಸಮಿತಿ ಪರಿಶೀಲಿಸಬೇಕು, ಬಳಿಕ ಅದು ಉಪವಿಭಾಗ ಮಟ್ಟಕ್ಕೆ, ಜಿಲ್ಲಾ ಮಟ್ಟಕ್ಕೆ ಹೋಗಬೇಕು. ಹಕ್ಕುಪತ್ರವೇ ಇಲ್ಲದವರು ಪುರಾವೆಯಾಗಿ ಏನು ಕೊಡಬೇಕು? 2008ರ ಜನವರಿ 1ರಂದು ಜಾರಿಗೆ ಬಂದ ನಿಯಮಗಳಲ್ಲಿ 13ನೆಯ ನಿಯಮ ಇದಕ್ಕೆ ಉತ್ತರ ಕೊಡುತ್ತದೆ. ಗೆಜೆಟಿಯರುಗಳಂಥ ಸರ್ಕಾರಿ ದಾಖಲೆಗಳಲ್ಲದೆ ಸ್ಮಶಾನ, ಬಾವಿ, ಪವಿತ್ರ ಸ್ಥಳಗಳಂಥ ಹಳೆಯ ಗುರುತುಗಳು ಪುರಾವೆ. ವಂಶಾವಳಿ ಪುರಾವೆ. ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆ ಪುರಾವೆ. ಹೆಸರುವಾಸಿ ಸಂಸ್ಥೆಗಳು ಸಂಪ್ರದಾಯ, ರೂಢಿಗಳ ಬಗ್ಗೆ ನಡೆಸಿದ ಸಂಶೋಧನೆ ಮತ್ತು ದಾಖಲಾತಿಯೂ ಪುರಾವೆ.

ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಹಾಡಿಗೆ ಹೋಗಿ ಅಜ್ಜಿಯೊಬ್ಬರಿಂದ ಹಾಡು ಬರೆದುಕೊಂಡು ಬಂದ ವಿದ್ಯಾರ್ಥಿನಿಯ ಟಿಪ್ಪಣಿ ಪುಸ್ತಕಕ್ಕೆ ಇದ್ದಕ್ಕಿದ್ದಂತೆ ಬೇರೊಂದು ತೂಕ ಬಂದುಬಿಡುತ್ತದೆ. ಆ ಹಾಡಿನಲ್ಲಿ ಒಂದು ಹಳ್ಳದ ಹೆಸರಿದೆ, ಒಂದು ಬಂಡೆಯ ಹೆಸರಿದೆ, ಅಲ್ಲಿ ದೇವರಿಗೆ ಎಡೆ ಇಟ್ಟವರ ಹೆಸರಿದೆ ಎನ್ನಿ. ಹಾಡಿದವರು ಯಾರು, ವಯಸ್ಸು ಎಷ್ಟು, ಮೊದಲು ಯಾವ ಹಾಡಿಯಲ್ಲಿದ್ದರು, ಯಾರಿಂದ ಕಲಿತರು, ಯಾವ ದಿನ ಹಾಡಿದರು ಎಂಬುದನ್ನೆಲ್ಲ ಅವಳು ಬರೆದಿಟ್ಟಿದ್ದರೆ, ಅದು ಒಂದು ಕುಟುಂಬ ಒಂದು ನೆಲದಲ್ಲಿ ಬಾಳಿತ್ತು ಎಂಬ ಮಾತಿಗೆ ಆಸರೆಯಾಗಬಲ್ಲದು. ‘ಜೇನುಕುರುಬರ ಒಂದು ಹಾಡು’ ಎಂದಷ್ಟೇ ಬರೆದಿದ್ದರೆ ಅದು ಸೊಗಸಾದ ಹಾಡಾಗಿ ಉಳಿಯುತ್ತದೆ, ಯಾರಿಗೂ ಆಸರೆಯಾಗುವುದಿಲ್ಲ. ಹೆಸರು, ಊರು, ತಾರೀಕು. ಧರ್ಮಕೇಂದ್ರದ ಆ ದಪ್ಪ ಪುಸ್ತಕದಲ್ಲಿ ಗುರುಗಳು ಬರೆಯುವುದೂ ಇದನ್ನೇ. ಕ್ಷೇತ್ರಕಾರ್ಯದಲ್ಲಿ ಅಸಡ್ಡೆ ಮಾಡುವುದನ್ನು ನಾವು ಅಂಕ ಕಡಿಮೆಯಾಗುವ ದೋಷವೆಂದಷ್ಟೇ ಎಣಿಸುತ್ತೇವೆ. ನನಗೆ ಅದು ಅನ್ಯಾಯವೆಂದೇ ತೋರುತ್ತದೆ, ಕೈಯಲ್ಲಿದ್ದ ಪುರಾವೆಯನ್ನು ಕಳೆದುಹಾಕಿದಂಥ ಅನ್ಯಾಯ.

ಇದು ಬರೀ ಊಹೆಯಲ್ಲ. ನೆರೆಯ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಪವಿತ್ರ ಸ್ಥಳಗಳನ್ನು ನಕ್ಷೆಯ ಮೇಲೆ ಗುರುತಿಸುವ ಕೆಲಸ ನಡೆಯಿತು. ಏಟ್ರೀ ಸಂಸ್ಥೆಯ ಸಂಶೋಧಕರೊಂದಿಗೆ ಸೋಲಿಗ ಸಮುದಾಯದವರೇ ಆದ ಸಿ. ಮಾದೇಗೌಡರೂ ಅದರಲ್ಲಿದ್ದರು. ಸೋಲಿಗರ ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಎಲ್ಲೆಯಿದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಪೂಜೆಯ ತಾಣಗಳಿವೆ. ಹಿರಿಯರು ಮುಂದೆ ನಡೆದು ತೋರಿಸಿದಂತೆ ಇಂಥ ನೂರಾರು ತಾಣಗಳು ಗುರುತಾದವು. ಹೊರಗಿನ ಕಣ್ಣಿಗೆ ಬರಿಯ ಕಾಡಾಗಿ ಕಂಡದ್ದು ಒಂದೊಂದು ಮೂಲೆಗೂ ಹೆಸರಿದ್ದ ಮನೆಯಾಗಿತ್ತು. 2011ರ ಜನವರಿಯಲ್ಲಿ ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿಯ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಈ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ನಕ್ಷೆಯೊಂದರಿಂದಲೇ ಇದೆಲ್ಲ ಆಯಿತು ಎನ್ನಲಾಗದು, ಸೋಲಿಗರ ದೀರ್ಘ ಸಂಘಟನೆ ಅದರ ಹಿಂದಿದೆ. ಆದರೆ ಓದು ಎಂಬುದು ಓದಿಸಿಕೊಂಡವರ ಕೈಗೆ ಮರಳಿ ಬಂದರೆ ಏನಾಗಬಹುದು ಎಂಬುದು ಅಲ್ಲಿ ಕಾಣುತ್ತದೆ.

ನಾಗರಹೊಳೆಯ ಕಡೆ ಅಷ್ಟು ಸುಲಭವಾಗಿಲ್ಲ. 2025ರ ಮೇ ತಿಂಗಳಲ್ಲಿ ಕೊಡಗಿನ ಭಾಗದ ಕರಡಿಕಲ್ಲು ಎಂಬಲ್ಲಿಗೆ 52 ಜೇನುಕುರುಬ ಕುಟುಂಬಗಳು, ಇದು ನಮ್ಮ ಪೂರ್ವಿಕರ ನೆಲ ಎಂದು ಹಿಂದಿರುಗಿದಾಗ ಅರಣ್ಯ ಇಲಾಖೆ ಆಕ್ಷೇಪಿಸಿತು. ಅಲ್ಲಿಯೂ ವಾದ ನಿಂತದ್ದು ಪುರಾವೆಯ ಮೇಲೆಯೇ.

ದಾಖಲೆ ಮತ್ತು ಅನ್ಯಾಯದ ಈ ಸಂಬಂಧವನ್ನು ನಮ್ಮ ಧರ್ಮಸಭೆ ಕೆನಡಾದಲ್ಲಿ ಬಹಳ ನೋವಿನಿಂದ ಕಲಿಯಬೇಕಾಯಿತು. ಅಲ್ಲಿಯ ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ, ಅವರ ಭಾಷೆಯನ್ನು ಬಿಡಿಸಿ ‘ನಾಗರಿಕ’ರನ್ನಾಗಿಸುವ ವಸತಿ ಶಾಲೆಗಳನ್ನು ಸರ್ಕಾರ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಸಿತು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲೆಗಳ ಆಡಳಿತ ಕಥೋಲಿಕರ ಕೈಯಲ್ಲಿತ್ತು. ಸುಮಾರು ಒಂದೂವರೆ ಲಕ್ಷ ಮಕ್ಕಳು ಅಲ್ಲಿದ್ದು ಹೋದರು. ಅನೇಕರನ್ನು ಅಲ್ಲಿ ಕರೆಯುತ್ತಿದ್ದುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ಮನೆಗೆ ಮರಳದೆ ಅಲ್ಲಿಯೇ ತೀರಿಕೊಂಡ ಮಕ್ಕಳಲ್ಲಿ 2,800 ಮಂದಿಯ ಹೆಸರುಗಳನ್ನು 2019ರ ಸೆಪ್ಟೆಂಬರ್ 30ರಂದು ಉದ್ದವಾದ ಕೆಂಪು ಬಟ್ಟೆಯ ಮೇಲೆ ಬರೆದು ದೇಶದ ಮುಂದೆ ಹಿಡಿದರು. ಆ ಹೆಸರುಗಳನ್ನು ಹುಡುಕಲು ಶಾಲೆಗಳ, ಧರ್ಮಸಭೆಗಳ ಹಳೆಯ ದಾಖಲೆಗಳನ್ನು ತೆರೆಯಬೇಕಾಯಿತು. ದಿವಂಗತ ಪೋಪ್ ಫ್ರಾನ್ಸಿಸ್‌ರವರು 2022ರ ಜುಲೈ 25ರಂದು ಮಸ್ಕ್ವಾಚಿಸ್ ಎಂಬ ಊರಿಗೆ ಗಾಲಿಕುರ್ಚಿಯಲ್ಲಿ ಹೋಗಿ ಕ್ಷಮೆ ಬೇಡಿದರು. ಅಲ್ಲಿಯ ಶಿಕ್ಷಕರಲ್ಲಿ ಒಳ್ಳೆಯ ಉದ್ದೇಶದವರು ಇರಲಿಲ್ಲವೆಂದಲ್ಲ. ಎದುರಿಗೆ ಕುಳಿತ ಮಗುವಿಗೆ ಈಗಾಗಲೇ ಒಂದು ವಿದ್ಯೆಯಿದೆ, ಅದರ ಅಜ್ಜಿ ಅದಕ್ಕೆ ಏನನ್ನೋ ಕಲಿಸಿ ಕಳುಹಿಸಿದ್ದಾಳೆ ಎಂಬುದು ಆ ವ್ಯವಸ್ಥೆಯ ಮನಸ್ಸಿಗೆ ಬರಲಿಲ್ಲ.

ನಮ್ಮ ಶಾಲೆಗಳ ಬಗ್ಗೆ ಅಷ್ಟು ಕಠಿಣವಾಗಿ ಮಾತನಾಡಬೇಕಾಗಿಲ್ಲ. ಹೆಗ್ಗಡದೇವನಕೋಟೆಯ ಹೊಸಹಳ್ಳಿಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹಾಡಿಯ ಮಕ್ಕಳಿಗಾಗಿಯೇ ನಡೆಸಿಕೊಂಡು ಬಂದಿರುವ ಶಾಲೆಯಂಥ ಪ್ರಯತ್ನಗಳಿವೆ. ಸರ್ಕಾರದ ಆಶ್ರಮ ಶಾಲೆಗಳಿವೆ. ಆದರೂ ಜೇನುನುಡಿಯನ್ನು ಮನೆಯಲ್ಲಿ ಆಡುವ ಮಗು ಪಠ್ಯಪುಸ್ತಕದಲ್ಲಿ ತನ್ನವರನ್ನು ಕಾಣುವುದು ಎಲ್ಲೋ ಒಂದು ಚಿತ್ರದಲ್ಲಿ, ಅದೂ ಬಿಲ್ಲು ಹಿಡಿದು ನಿಂತ ಚಿತ್ರದಲ್ಲಿ.

ಎಲ್ಲವನ್ನೂ ಬರೆದಿಡುವುದೇ ಧರ್ಮವೆಂದು ಇಷ್ಟರಿಂದ ತೀರ್ಮಾನಿಸಿಬಿಟ್ಟರೆ ಮತ್ತೊಂದು ತಪ್ಪಾಗುತ್ತದೆ. ಬರೆದದ್ದು ಇಬ್ಬಾಯಿಯ ಕತ್ತಿ. ಹಳೆಯ ಗ್ರಂಥಗಳಲ್ಲಿ ಕಾಡಿನ ಜನರ ಬಗ್ಗೆ ಮತ್ತೆ ಮತ್ತೆ ಬರುವ ‘ಅಲೆಮಾರಿ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕೆಲವು ವರ್ಷ ಒಂದು ಕಡೆ ಇದ್ದು, ನೆಲಕ್ಕೆ ಬಿಡುವು ಕೊಟ್ಟು, ತಮ್ಮದೇ ಎಲ್ಲೆಯೊಳಗಿನ ಇನ್ನೊಂದು ಗೊತ್ತಾದ ಜಾಗಕ್ಕೆ ಹೋಗುವವರನ್ನು ಹೊರಗಿನವರು ಅಲೆಮಾರಿ ಎಂದರು. ನೆಲೆಯೇ ಇಲ್ಲದವರಿಗೆ ನೆಲದ ಹಕ್ಕು ಎಲ್ಲಿಂದ ಬರಬೇಕು ಎಂದು ಯಾರಾದರೂ ಆ ಪದವನ್ನೇ ಹಿಡಿದು ಕೇಳಬಹುದು. ಬರೆದವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಒಂದು ಪದವನ್ನು ಹಾಡಿಯವರ ಮುಂದೆ ಓದಿ ಹೇಳಿ ‘ಇದು ಸರಿಯೇ ಯಜಮಾನರೇ?’ ಎಂದು ಕೇಳಿದ್ದರೆ ಅವರು ನಕ್ಕು ತಿದ್ದುತ್ತಿದ್ದರು.

ಕುಂಡೆ ಹಬ್ಬದ ವಿಷಯವೂ ಹಾಗೆಯೇ. ಕೊಡಗಿನ ಕಡೆ ಬೇಸಿಗೆಯ ಕೊನೆಯಲ್ಲಿ ಜೇನುಕುರುಬರೂ ಇತರ ಕಾಡಿನ ಜನರೂ ವೇಷ ಹಾಕಿ, ಸೋರೆ ಬುರುಡೆ ಬಡಿಯುತ್ತ, ದೇವರನ್ನೇ ಬಯ್ದು ಹಾಡುತ್ತಾರೆ. ನೋಡಲು ಹೋದವರು ಬೈಗುಳವನ್ನು ಮಾತ್ರ ಮೊಬೈಲಿನಲ್ಲಿ ಹಿಡಿದು ತಂದು ನಗುತ್ತಾರೆ. ತಮ್ಮನ್ನು ಬೇಟೆಗೆಂದು ಕಾಡಿಗೆ ಕರೆದೊಯ್ದ ದೇವರು ನಡುವೆಯೇ ಕೈಬಿಟ್ಟು ಹೋದ ಎಂಬ ಕಥೆ ಅದರ ಹಿಂದಿದೆ. ಕೈಬಿಟ್ಟವನ ಮೇಲೆ ಮುನಿದು, ಆದರೂ ಅವನ ಬಾಗಿಲಿಗೇ ಹೋಗಿ ಮುನಿಸನ್ನು ಹೇಳುವ ಹಬ್ಬ ಅದು. ಯೋಬನ ಗ್ರಂಥವನ್ನು ಓದಿದವರಿಗೆ, ಕೀರ್ತನೆಗಳಲ್ಲಿಯ ದೂರುಗಳನ್ನು ಪ್ರಾರ್ಥನೆಯಾಗಿ ಹೇಳಿಕೊಂಡವರಿಗೆ ಇದು ಅರ್ಥವಾಗಬೇಕು. ಅರ್ಧ ಕೇಳಿ ಬರೆದುಕೊಂಡವರಿಗೆ ಅದು ಅಶ್ಲೀಲ ಹಾಡುಗಳ ಸಂಗ್ರಹವಾಗುತ್ತದೆ.

ಹೇಳಲಾರೆ ಎನ್ನುವ ಹಕ್ಕೂ ಹಾಡಿಗಿದೆ. ಕಾಯಿಲೆಗೆ ಕೊಡುವ ಬೇರಿನ ಹೆಸರು, ದೇವರು ಮೈಮೇಲೆ ಬಂದಾಗ ಗುಡ್ಡ ಆಡಿದ ಮಾತು, ಸತ್ತವರನ್ನು ಕರೆಯುವ ಪದ, ಇವೆಲ್ಲ ನೋಟುಪುಸ್ತಕ ಹಿಡಿದು ಬಂದವರಿಗೆಲ್ಲ ಸಿಗಬೇಕಾದವಲ್ಲ. ಪಾಪನಿವೇದನೆಯ ಗುಟ್ಟನ್ನು ಕಾಯುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಮಾವೋರಿ ಸಮುದಾಯದ ವಿದ್ವಾಂಸೆ ಲಿಂಡಾ ತುಹಿವಾಯಿ ಸ್ಮಿತ್ 1999ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಂಶೋಧನೆ ಎಂಬ ಮಾತೇ ಮೂಲನಿವಾಸಿಗಳ ಕಿವಿಗೆ ಹೊಲಸಾಗಿ ಕೇಳಿಸುವಂತಾಗಿದೆ ಎಂಬರ್ಥದ ಮಾತನ್ನು ಬರೆದರು. ಅವರು ಸಂಶೋಧನೆಯನ್ನು ಬಿಟ್ಟುಬಿಡಿ ಎನ್ನಲಿಲ್ಲ. ಪ್ರಶ್ನೆಯನ್ನು ಯಾರು ಆರಿಸುತ್ತಾರೆ, ಉತ್ತರ ಯಾರ ಮನೆಯಲ್ಲಿ ಉಳಿಯುತ್ತದೆ ಎಂದು ಕೇಳಿದರು. ಮಾವೋರಿ ವಿದ್ಯಾರ್ಥಿಗಳೇ ಸಂಶೋಧಕರಾಗುವಂತೆ ದುಡಿದರು.

ಇಲ್ಲಿಗೆ ಬಂದಾಗ ನಮ್ಮ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವೆಂದು ಸರ್ಕಾರ ಗುರುತಿಸಿರುವ ಬುಡಕಟ್ಟುಗಳು ಎರಡೇ, ಜೇನುಕುರುಬ ಮತ್ತು ಕೊರಗ. 2011ರ ಜನಗಣತಿಯಂತೆ ರಾಜ್ಯದ ಜೇನುಕುರುಬರು ಸುಮಾರು 36 ಸಾವಿರ. ಇಷ್ಟು ಸಣ್ಣ ಸಮುದಾಯದ ಹುಡುಗಿಯೊಬ್ಬಳು ಕಷ್ಟಪಟ್ಟು ಪದವಿ ಕಾಲೇಜನ್ನು ಮುಟ್ಟಿ, ಅಲ್ಲಿ ತನ್ನ ಅಜ್ಜಿಯನ್ನು ಕುರಿತ ಪಾಠವನ್ನು ಬೇರೊಬ್ಬರ ಪುಸ್ತಕದಿಂದ ಕಲಿತು ಪರೀಕ್ಷೆ ಬರೆಯುತ್ತಾಳೆ ಎಂದು ಭಾವಿಸಿ. ಪುಸ್ತಕದಲ್ಲಿರುವುದು ತಪ್ಪೆಂದು ಅವಳಿಗೆ ಗೊತ್ತಿದೆ. ಸರಿಯಾದ ಉತ್ತರ ಬರೆದರೆ ಅಂಕ ಹೋಗುತ್ತದೆ. ಇಂಥ ವಿಷಯದಲ್ಲಿ ಅವಳು ಮೇಷ್ಟ್ರಾಗಬೇಕಾದವಳು. ಬುಡಕಟ್ಟು ಅಧ್ಯಯನದ ತರಗತಿಯಲ್ಲಿ ಬುಡಕಟ್ಟಿನ ವಿದ್ಯಾರ್ಥಿ ಕೈಯೆತ್ತಿ ‘ಹಾಗಲ್ಲ ಸಾರ್’ ಎನ್ನಬಲ್ಲಳೇ, ಅಂದರೆ ಅದನ್ನು ಕೇಳಿಸಿಕೊಳ್ಳುವ ಅಧ್ಯಾಪಕರು ಇದ್ದಾರೆಯೇ ಎಂಬುದರ ಮೇಲೆ ಆ ವಿಭಾಗವನ್ನು ಅಳೆಯಬೇಕೆಂದು ನನಗೆ ತೋರುತ್ತದೆ.

ನಮ್ಮ ಮನೆಯ ಮಗಳ ಮಾತು ಹಾಗೆಯೇ ಉಳಿದಿದೆ. ಅವಳು ಹೋಗಲಿ. ಆದರೆ ಹೋಗುವ ಮೊದಲು ತಂದೆತಾಯಿಗಳು ಅವಳಿಗೆ ಹೇಳಿಕೊಡಬಹುದಾದ ಸಂಗತಿಗಳಿವೆ. ಅವಕ್ಕೆ ನಾವು ಪ್ರಾಧ್ಯಾಪಕರಾಗಬೇಕಾಗಿಲ್ಲ. ಪರರ ಮನೆಗೆ ಹೋದಾಗ ಕರೆಯದೆ ಒಳಗೆ ಹೋಗಬಾರದು. ಹಾಡಿಯಲ್ಲಿ ಹಿರಿಯರನ್ನು ಅಜ್ಜ, ಅಜ್ಜಿ ಎಂದು ಬಹುವಚನದಲ್ಲಿ ಮಾತನಾಡಿಸಬೇಕು. ಕಾಡಿನ ಜನರನ್ನು ಕಂಡೊಡನೆ ‘ನೀನು’ ಎನ್ನುವ ನಮ್ಮ ಪೇಟೆಯ ಚಾಳಿ ಅವಳಿಗೆ ಅಂಟಬಾರದು. ಬೆಳಿಗ್ಗೆ ಕೂಲಿಗೆ ಹೋಗುವವರನ್ನು ಹಾಡಲು ಕೂರಿಸಿಕೊಂಡರೆ ಅವರ ಆ ದಿನದ ಕೂಲಿ ಹೋಗುತ್ತದೆ ಎಂಬ ಲೆಕ್ಕ ಅವಳಿಗಿರಬೇಕು. ಹಾಡಿದವರ ಹೆಸರನ್ನು ಅವರು ಒಪ್ಪಿದರೆ ಪೂರ್ತಿಯಾಗಿ, ಅವರು ಉಚ್ಚರಿಸಿದ ಹಾಗೆಯೇ ಬರೆದುಕೊಳ್ಳಬೇಕು, ಒಪ್ಪದಿದ್ದರೆ ಬರೆಯಬಾರದು.

ಪ್ರಬಂಧವನ್ನು ಅವಳು ಕನ್ನಡದಲ್ಲಿಯೇ ಬರೆಯಲಿ, ಹಾಡಿಯ ಓದಿದ ಹುಡುಗರಿಗೆ ಅರ್ಥವಾಗುವ ಕನ್ನಡದಲ್ಲಿ. ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸುವ ಪ್ರತಿಗಳ ಜೊತೆಗೆ ಇನ್ನೊಂದನ್ನು ಕಟ್ಟಿಸಲಿ. ಅದಕ್ಕೆ ತಗಲುವ ಕೆಲವು ನೂರು ರೂಪಾಯಿಗಳನ್ನು ಅಪ್ಪನೇ ಕೊಡಲಿ. ಹಾಡಿನ ಧ್ವನಿಮುದ್ರಿಕೆ, ಹಳ್ಳ ಬಂಡೆಗಳ ಹೆಸರಿನ ಪಟ್ಟಿ, ಯಾರು ಯಾವ ದಿನ ಹೇಳಿದರೆಂಬ ವಿವರ ಎಲ್ಲವೂ ಅದರಲ್ಲಿರಲಿ. ಆ ಪ್ರತಿಯನ್ನು ಅವಳು ಸರಗೂರಿನ ಬಸ್ಸು ಹಿಡಿದು ಹೋಗಿ ಹಾಡಿಯ ಅರಣ್ಯ ಹಕ್ಕು ಸಮಿತಿಯವರ ಕೈಗೆ ಕೊಟ್ಟು, ಎಲ್ಲೆಲ್ಲಿ ತಪ್ಪಾಗಿದೆಯೆಂದು ಕೂತು ಕೇಳಿಸಿಕೊಳ್ಳಲಿ.